ಏಳು ಪರ್ಸೆಂಟ್ ಯಾರ ಪಾಲಿನಿಂದ?

1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಕಂಗಾಲಾದ ಶ್ರೀಮಂತ ದೇಶಗಳು ಮರುವರ್ಷ ನವೆಂಬರಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯನ್ನು ಕಟ್ಟಿಕೊಂಡವು. ಭಾರತ 2017ರಿಂದ ಅದರ ಸಹವರ್ತಿ. ಪೂರ್ಣ ಸದಸ್ಯತ್ವ ಬೇಕೆಂದು ಕೇಳಿದೆ. 2024ರ ಫೆಬ್ರವರಿಯಲ್ಲಿ ಅದರ ಮಾತುಕತೆಗೆ ಚಾಲನೆ ಸಿಕ್ಕಿತು. ಸೇರಬೇಕು ಎಂದೇ ನನ್ನ ಅಭಿಪ್ರಾಯ. ನನ್ನ ತಕರಾರು ಇರುವುದು ಆ ಒಪ್ಪಂದದ ಒಂದು ಲೆಕ್ಕದ ಮೇಲೆ.

ಸದಸ್ಯ ದೇಶಗಳಿಗೆ ಒಟ್ಟಾಗಿ ಬರುವ ಎಣ್ಣೆಯಲ್ಲಿ ಶೇ 7ರಷ್ಟು ಖೋತಾ ಆದರೆ ಪ್ರತಿ ದೇಶವೂ ತನ್ನ ಬಳಕೆಯನ್ನು ಶೇ 7ರಷ್ಟು ಇಳಿಸಬೇಕು. ಖೋತಾ ಶೇ 12 ಮುಟ್ಟಿದರೆ ಶೇ 10ರಷ್ಟು. ಮೇಲ್ನೋಟಕ್ಕೆ ಇದಕ್ಕಿಂತ ದೊಡ್ಡ ನ್ಯಾಯವಿಲ್ಲ. ಆದರೆ ಕಡಿತ ಒಂದೇ ಆದರೂ ನಷ್ಟ ಒಂದೇ ಅಲ್ಲ ಎಂಬುದನ್ನು ದಾವಣಗೆರೆ ಜಿಲ್ಲೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

2023ರ ಬರದಲ್ಲಿ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಏಳು ಗಂಟೆಯಿಂದ ಐದಕ್ಕೆ ಇಳಿಯಿತು. ಹೊನ್ನಾಳಿಯ ಭತ್ತದ ಗದ್ದೆಗೂ ಚನ್ನಗಿರಿಯ ಅಡಿಕೆ ತೋಟಕ್ಕೂ ಕಡಿತ ಎರಡೇ ಗಂಟೆ. ಭತ್ತ ಒಣಗಿದರೆ ಆ ಬೆಳೆ ಹೋಯಿತು, ಸಾಲ ಉಳಿಯಿತು. ಮುಂದಿನ ಮಳೆಗೆ ಮತ್ತೆ ಸಸಿಮಡಿ ಹಾಕಬಹುದು. ಅಡಿಕೆಯದು ಹಾಗಲ್ಲ. ಮೊದಲು ಸೋಗೆ ಜೋತು ಬೀಳುತ್ತದೆ, ಆಮೇಲೆ ಸುಳಿ ಒಣಗುತ್ತದೆ. ಸುಳಿ ಹೋದ ಮರಕ್ಕೆ ಎಷ್ಟು ನೀರು ಬಿಟ್ಟರೂ ಅದು ಮತ್ತೆ ಚಿಗುರುವುದಿಲ್ಲ. ಹೊಸ ಸಸಿ ಹಿಂಗಾರ ಬಿಡಲು ಐದಾರು ವರ್ಷ ಬೇಕು. ಬೋರೂ ಬತ್ತಿದ ಮೇಲೆ, 2024ರ ಬೇಸಿಗೆಯಲ್ಲಿ, ಚನ್ನಗಿರಿ ಭಾಗದ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ಮರದ ಬುಡಕ್ಕೆ ಹೊಯ್ದರು. ಆ ನೀರು ಹೊತ್ತು ತಂದದ್ದು ಡೀಸೆಲ್. ಅಂಥ ಹೊತ್ತಿನಲ್ಲಿ ಡೀಸೆಲ್ಲಿಗೂ ಶೇ 7ರ ಕತ್ತರಿ ಬಿದ್ದಿದ್ದರೆ?

ನ್ಯಾಮತಿ ಕಡೆ ಭತ್ತ, ಜೋಳದ ಹೊಲಗಳೇ ತೋಟಗಳಾಗುತ್ತಿವೆ. ಕಡಿತ ತಾಳಿಕೊಳ್ಳುವ ಶಕ್ತಿ ಅಲ್ಲಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಜಗಳೂರಿನ ಪಾಡು ಬೇರೆ. ಅಲ್ಲಿನ ಗುಡ್ಡಗಳ ಮೇಲೆ ತಿರುಗುವ ವಿಂಡ್ ಫ್ಯಾನುಗಳ ಕರೆಂಟು ಗ್ರಿಡ್ಡಿಗೆ ಹೋಗುತ್ತದೆ. ಅದೇ ತಾಲ್ಲೂಕಿನ 57 ಕೆರೆ ತುಂಬಿಸಲು ತುಂಗಭದ್ರೆಯ ನೀರೆತ್ತುವ ಪಂಪುಗಳಿಗೆ ಕರೆಂಟು ಬೇಕು. ಪಂಪ್‌ಸೆಟ್ಟೇ ಇಲ್ಲದ ಒಣಬೇಸಾಯದವನ ಹತ್ತಿರ ಕಡಿತ ಮಾಡಲಿಕ್ಕಾದರೂ ಏನಿದೆ?

ಪ್ರತಿಯೊಬ್ಬರ ನಷ್ಟವನ್ನೂ ತೂಗುತ್ತ ಕೂತರೆ ಬಿಕ್ಕಟ್ಟಿನ ವೇಳೆ ಯಾವ ಒಪ್ಪಂದವೂ ನಡೆಯದು, ಪರ್ಸೆಂಟಿನ ಲೆಕ್ಕವೇ ಜಗಳವಿಲ್ಲದ್ದು ಎನ್ನುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ಲರೂ ತಮ್ಮ ಕಷ್ಟವೇ ದೊಡ್ಡದೆಂದು ಪಟ್ಟು ಹಿಡಿಯುತ್ತಾರೆ, ನಿಜ. ಆದರೆ ಅದೇ ಒಪ್ಪಂದ ಮತದ ವಿಷಯಕ್ಕೆ ಬಂದಾಗ ಎಲ್ಲರನ್ನೂ ಸಮವಾಗಿ ಕಾಣುವುದಿಲ್ಲ: ಎಣ್ಣೆ ಹೆಚ್ಚು ಉರಿಸುವ ದೇಶದ ಮತಕ್ಕೆ ತೂಕ ಹೆಚ್ಚು. ಅಧಿಕಾರ ಹಂಚುವಾಗ ತೂಕ ನೋಡಬಹುದಾದರೆ ತ್ಯಾಗ ಹಂಚುವಾಗ ಯಾಕೆ ನೋಡಬಾರದು? ಅಮೆರಿಕದ ತಲಾ ಎಣ್ಣೆ ಬಳಕೆ ನಮ್ಮದರ ಹತ್ತು ಪಟ್ಟಿಗೂ ಹೆಚ್ಚು. ಅಲ್ಲಿ ಶೇ 7 ಬಿಟ್ಟವರಿಗೆ ಒಂದು ಕಾರು ಪ್ರಯಾಣ ತಪ್ಪಬಹುದು, ಇಲ್ಲಿ ಬಿತ್ತನೆಯ ಹದವೇ ತಪ್ಪುತ್ತದೆ.

ಇನ್ನೊಂದು ಷರತ್ತು, 90 ದಿನಗಳ ಆಮದಿಗೆ ಸಮನಾದ ದಾಸ್ತಾನು. ಮಂಗಳೂರು, ಪಾದೂರು, ವಿಶಾಖಪಟ್ಟಣದ ಬಂಡೆ ಕೊರೆದ ಗುಹೆಗಳು ಹಿಡಿಯುವುದು ಒಟ್ಟು 53.3 ಲಕ್ಷ ಟನ್; ಅದರಲ್ಲಿ 40 ಲಕ್ಷ ಟನ್ ನಮ್ಮ ಕರಾವಳಿಯದೇ. ಎಲ್ಲ ತುಂಬಿದರೂ ದೇಶಕ್ಕೆ ಹೆಚ್ಚುಕಡಿಮೆ ಒಂಬತ್ತೂವರೆ ದಿನದ ಎಣ್ಣೆ. ಉಳಿದದ್ದು ತೈಲ ಕಂಪನಿಗಳ ದಾಸ್ತಾನು. 90 ದಿನಕ್ಕೆ ಬೀಳುವ ಕೊರತೆ ತುಂಬಿಸಲು ಹಣ ಬೇಕು, ಮತ್ತೆ ಯಾರದೋ ಊರಿನ ಜಮೀನೂ ಬೇಕು.

ಭಾರತವೇ ಫ್ರಾನ್ಸ್ ಜೊತೆ ಸೇರಿ 2015ರಲ್ಲಿ ಕಟ್ಟಿದ, ಗುರುಗ್ರಾಮದಲ್ಲಿ ಕಚೇರಿ ಇರುವ ಅಂತಾರಾಷ್ಟ್ರೀಯ ಸೌರ ಒಕ್ಕೂಟದಲ್ಲಿ ಇಂಥ ಇಕ್ಕಟ್ಟಿಲ್ಲ. ಕೊರತೆಯ ಹೊತ್ತಿನಲ್ಲಿ ಬಳಕೆ ಬಿಟ್ಟುಕೊಡಿ ಎಂದು ಅದು ಯಾರನ್ನೂ ಕೇಳುವುದಿಲ್ಲ. ಬಿಟ್ಟುಕೊಡಲು ಕೇಳುವ ಸಂಸ್ಥೆಯ ಬಾಗಿಲಲ್ಲಿ ನಿಂತಿರುವಾಗ ನಮ್ಮ ಪ್ರತಿನಿಧಿಗಳು ಉಳುವ, ನೀರೆತ್ತುವ ಇಂಧನವನ್ನು ಕಡಿತದ ಲೆಕ್ಕದಿಂದ ಹೊರಗಿಡಿ ಎಂದು ಹಟ ಹಿಡಿಯಬೇಕು. ಆ ಹಟಕ್ಕೆ ಬೆಲೆ ಬರಬೇಕಾದರೆ ಮನೆಯಲ್ಲೂ ಅದೇ ನಿಯಮ ನಡೆಯಬೇಕು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇದೆ ಎಂಬುದು ರಾಜ್ಯದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ದಾಖಲಾಗುತ್ತಿದೆ. ಯಾವ ಫೀಡರಿನ ಕೆಳಗೆ ಎಷ್ಟು ಎಕರೆ ತೋಟವಿದೆ ಎಂದು ಅದರಿಂದ ಲೆಕ್ಕ ಹಾಕಿಕೊಂಡು, ಮುಂದಿನ ಬರಕ್ಕೆ ಮೊದಲೇ ಯಾವುದಕ್ಕೆ ಐದು ಗಂಟೆ, ಯಾವುದಕ್ಕೆ ಏಳು ಗಂಟೆ ಎಂದು ತೀರ್ಮಾನಿಸಿಡಬಹುದು.