ಎರೆಹೊಲದ ಮೇಲಿನ ಕಡಲು

ನಮ್ಮೂರು ಯರಗುಪ್ಪಿಗೆ ಹತ್ತಿರದ ಸಮುದ್ರ ಪಶ್ಚಿಮಕ್ಕಿದೆ, ಸಹ್ಯಾದ್ರಿಯ ಆಚೆ. ಮುಂಗಾರಿ ಮೋಡ ಬರುವುದೂ ಅತ್ತಲಿಂದಲೇ. ಆದರೆ ಇಲ್ಲಿ ಬಿದ್ದ ನೀರು ಆ ಕಡೆ ಮುಖ ಮಾಡುವುದಿಲ್ಲ. ಬೆಣ್ಣೆಹಳ್ಳ ಸೇರಿ, ಮಲಪ್ರಭೆಯೊಡನೆ ಕೂಡಲಸಂಗಮಕ್ಕೆ ಹೋಗಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ನಡೆಯುತ್ತದೆ. ನಡುವೆ ಈ ಎರೆಮಣ್ಣು ತನಗೆ ಬೇಕಾದಷ್ಟನ್ನು ಹಿಡಿದಿಟ್ಟುಕೊಂಡು ಕಡ್ಲಿ, ಬಿಳಿಜೋಳ, ಕುಸುಬಿ ಬೆಳೆಯುತ್ತದೆ. ಇದನ್ನು ನೆನೆದಾಗಲೆಲ್ಲ ಊರಿನ ಸೀಮೆ ಎಲ್ಲಿ ಮುಗಿಯುತ್ತದೆಂದು ಹೇಳಲು ನನಗೆ ಆಗುವುದಿಲ್ಲ.

ಹೂ ಬಿಟ್ಟ ಕಡ್ಲಿಗೆ ಇಬ್ಬನಿ ಸಾಕು, ಮಳೆ ಬೇಡ. ಎಲೆಯ ಮೇಲೆ ಹುಳಿ ಕೂಡುವ ಕಾಲ ಅದು. ಆಗ ಮೋಡ ಮುಚ್ಚಿ ಜಿಟಿಜಿಟಿ ಹಿಡಿದರೆ ಹುಳಿ ತೊಳೆದುಹೋಗುತ್ತದೆ, ಕೀಡಿ ಬೀಳುತ್ತದೆ, ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ಬಣ್ಣಗೆಡುತ್ತದೆ. “ಎಲ್ಯೋ ತುಫಾನ ಎದ್ದದ” ಎನ್ನುತ್ತಾರೆ ಹಿರಿಯರು.

ತುಫಾನು ಏಳುವಲ್ಲಿ ಕಡಲಿನ ಮೇಲ್ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತದೆ. ಆವಿ ಮೇಲೇರಿ ಮೋಡ ಕಟ್ಟುವಾಗ ಹೊರಬೀಳುವ ಶಾಖವೇ ಗಾಳಿಗೆ ಬಲ. ಆ ಗಾಳಿ ಕಡಲನ್ನೇ ಕಲಕುತ್ತದೆ. ರಂಟೆ ಹೊಡೆದಾಗ ಅಡಿಯ ಹಸಿಮಣ್ಣು ಮೇಲೆ ಬರುವಂತೆ ಆಳದ ತಣ್ಣೀರು ಮೇಲೇಳುತ್ತದೆ. ಚಂಡಮಾರುತ ಹೋದ ದಾರಿಯುದ್ದಕ್ಕೂ ತಂಪಿನ ಪಟ್ಟಿಯೊಂದು ದಿನಗಟ್ಟಲೆ ಉಳಿಯುತ್ತದೆ. ಆಳದ ಪೋಷಕಾಂಶ ಉಂಡು, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಅಲ್ಲಿ ಹಬ್ಬುತ್ತವೆ. ಆ ಹಸಿರು ಉಪಗ್ರಹಕ್ಕೆ ಕಾಣುತ್ತದೆ! ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೊಂದಿದೆ. ಹೀಗೆ ಎದ್ದ ತಣ್ಣೀರೇ ಚಂಡಮಾರುತದ ಬಲ ಕುಂದಿಸುತ್ತದೆ. ತನ್ನನ್ನು ತಡೆಯುವುದನ್ನು ಅದು ತಾನೇ ಕೈಯಾರೆ ಎಬ್ಬಿಸುತ್ತದೆ.

ಆ ತಡೆ ಈಗ ಸಡಿಲವಾಗುತ್ತಿದೆ. ಬಿಸಿ ಆಳಕ್ಕಿಳಿದ ಕಡೆ ಎಷ್ಟು ಕಲಕಿದರೂ ಮೇಲೆ ಬರುವುದು ಬೆಚ್ಚನೆಯ ನೀರೇ. ಬಂಗಾಳ ಕೊಲ್ಲಿಯ ಮುಂದೆ ಅರಬ್ಬೀ ಸಮುದ್ರ ಶಾಂತ ಎನಿಸಿಕೊಂಡಿತ್ತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ದಾಖಲೆ ತೆಗೆದು ನೋಡಿದರು. ಮೊದಲರ್ಧಕ್ಕಿಂತ ಎರಡನೆಯ ಅರ್ಧದಲ್ಲಿ ಅಲ್ಲಿ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿದ್ದವು, ಅವು ಇರುವ ಅವಧಿ ಶೇ 80ರಷ್ಟು ಬೆಳೆದಿತ್ತು. 2019ರ ಅಕ್ಟೋಬರ್ ಕೊನೆಗೆ ಕ್ಯಾರ್, ಮಹಾ ಎಂಬ ಚಂಡಮಾರುತಗಳೆರಡೂ ಒಟ್ಟಿಗೇ ಆ ಕಡಲಲ್ಲಿ ಸುತ್ತುತ್ತಿದ್ದವು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಬಡಿದುಕೊಂಡೇ ಗುಜರಾತಿಗೆ ಹೋಯಿತು.

2023ರ ಜೂನ್‌ನಲ್ಲಿ ಎದ್ದ ಬಿಪೊರ್‌ಜಾಯ್ ಮಾತ್ರ ಬೇರೆಯೇ ಪಾಠ. ಮುಂಗಾರು ಕೇರಳಕ್ಕೆ ಕಾಲಿಡುವ ಹೊತ್ತಿಗೇ ಹುಟ್ಟಿ, ಸುಮಾರು ಹತ್ತು ದಿನ ಕಡಲ ಮೇಲೆ ಉಳಿಯಿತು. ಆ ತಿಂಗಳು ಕರ್ನಾಟಕಕ್ಕೆ ಬಂದ ಮಳೆ ತೀರ ಕಡಿಮೆ. ಹಿಂಗಾರಿಯಲ್ಲಿ ಬೇಡದ ಹನಿ ಸುರಿಸುವ ತುಫಾನು, ಮುಂಗಾರಿಯಲ್ಲಿ ಬೇಕಾದ ತೇವವನ್ನು ತನ್ನತ್ತ ಎಳೆದುಕೊಳ್ಳಲೂಬಲ್ಲದು.

ಹೆಸರು ಬಿತ್ತಲು ಹದ ಕಾಯುವವರಿಗೆ ಮಿರಗದ ಲೆಕ್ಕದ ಜೊತೆಗೆ ಕಡಲ ಬಿಸಿಯ ಸುದ್ದಿಯೂ ಪಂಚಾಯಿತಿ ಕಟ್ಟೆಯವರೆಗೆ ಬರಬೇಕೆಂಬುದು ನನ್ನ ಆಸೆ. ಅಳೆಯುವ ಯಂತ್ರಗಳು ಇಲ್ಲವೆಂದೇನಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿಗೆ ಬಿಟ್ಟ ಆರ್ಗೋ ತೇಲುಯಂತ್ರಗಳು ಎರಡು ಸಾವಿರ ಮೀಟರ್ ಆಳದವರೆಗೂ ಇಳಿದು, ಸುಮಾರು ಹತ್ತು ದಿನಕ್ಕೊಮ್ಮೆ ಮೇಲೆದ್ದು, ನೀರಿನ ಬಿಸಿ ಮತ್ತು ಉಪ್ಪಿನ ಲೆಕ್ಕವನ್ನು ಉಪಗ್ರಹಕ್ಕೆ ಒಪ್ಪಿಸುತ್ತಿವೆ.