ಸಾಸಿವೆ ಡಬ್ಬಿಯ ದುಡ್ಡು

ನಮ್ಮ ಮನೆಯಲ್ಲಿ ಈಗ ಇರುವುದು ನಾವಿಬ್ಬರೇ. ಕೊಡೆಗಳು ಮಾತ್ರ ಏಳು. ಶಿವಮೊಗ್ಗದ ಮಳೆ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಎಂಥ ಮಳೆಗಾಲದಲ್ಲೂ ಇಬ್ಬರಿಗೆ ಏಳು ಕೊಡೆ ಬೇಕಾಗುವುದಿಲ್ಲ ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದೇನೆ. ನಮ್ಮ ಯಜಮಾನರು ಪ್ರತಿ ಸಲವೂ ತಲೆದೂಗುತ್ತಾರೆ. ಮುಂದಿನ ಜೂನ್ ಬಂತೆಂದರೆ ಇನ್ನೊಂದು ಹೊಸ ಕೊಡೆಯೊಂದಿಗೆ ಬಾಗಿಲಲ್ಲಿ ನಿಂತಿರುತ್ತಾರೆ. "ನೋಡೇ, ಗುಂಡಿ ಒತ್ತಿದರೆ ತಾನಾಗೇ ಬಿಚ್ಚಿಕೊಳ್ಳುತ್ತೆ!"

ಕೊಡೆಯೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಎರಡು ಕೆ.ಜಿ. ಈರುಳ್ಳಿ ತನ್ನಿ ಎಂದರೆ 'ಅಗ್ಗವಾಗಿ ಸಿಕ್ಕಿತು' ಎಂದು ಹತ್ತು ಕೆ.ಜಿ. ತರುತ್ತಾರೆ. ಅದರಲ್ಲಿ ಅರ್ಧ ಮೊಳಕೆ ಬಂದು ತಿಪ್ಪೆ ಸೇರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಟಾರ್ಚು ಮಾರುವ ಹುಡುಗ ಮುಖ ಬಾಡಿಸಿಕೊಂಡು ನಿಂತರೆ ಇವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಹೋಟೆಲಿನಲ್ಲಿ ನಾಲ್ಕು ಜನ ಕುಳಿತರೆ ಬಿಲ್ಲಿಗೆ ಮೊದಲು ಕೈ ಚಾಚುವವರು ಇವರೇ. ಕೈಗಡ ಕೇಳಿದವರಿಗೆ ಇಲ್ಲ ಎನ್ನಲು ಬಾರದು. ಕಚೇರಿಯಲ್ಲಿ ಗುಮಾಸ್ತರಾಗಿದ್ದಷ್ಟು ಕಾಲವೂ ಇವರಿಗೆ ಧಾರಾಳಿ ಎಂಬ ಹೆಸರಿತ್ತು. ಆ ಹೆಸರಿಗೆ ಬೆಲೆ ತೆತ್ತವಳು ನಾನು, ತಿಂಗಳ ಇಪ್ಪತ್ತರ ನಂತರ, ಬೇಳೆ ಕಡಿಮೆ ಹಾಕಿ ನೀರು ಹೆಚ್ಚು ಹಾಕಿದ ಸಾರಿನಲ್ಲಿ.

ಇದನ್ನು ಯಾರಿಗಾದರೂ ಹೇಳಿದರೆ "ಕುಡಿಯೋದಿಲ್ಲ, ಇಸ್ಪೀಟಾಡೋದಿಲ್ಲ, ಇನ್ನೇನು ಬೇಕು ನಿನಗೆ?" ಎನ್ನುತ್ತಿದ್ದರು. ಅದೂ ನಿಜ. ಹಾಗಾದರೆ ನನ್ನ ಹೊಟ್ಟೆಯೊಳಗೆ ಉರಿಯುತ್ತಿದ್ದುದು ಏನು? ಬಹಳ ವರ್ಷ ನನಗೂ ಅದು ಸರಿಯಾಗಿ ತಿಳಿದಿರಲಿಲ್ಲ. ಒಂದು ಸಂಜೆ ತಿಳಿಯಿತು. ಇವರು ಹೊಸ ಟಾರ್ಚನ್ನು ಮೇಜಿನ ಮೇಲಿಟ್ಟು, ಕಾಫಿ ಕುಡಿಯುತ್ತಾ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದರು: "ನಿನ್ನೆ ಕೊಟ್ಟ ನೂರು ರೂಪಾಯಿ ಆಗಿಹೋಯಿತೇ?" ನಾನು ಒಪ್ಪಿಸತೊಡಗಿದೆ. ಸೊಪ್ಪಿಗೆ ಇಷ್ಟು, ಹೂವಿಗೆ ಇಷ್ಟು, ಹಿಟ್ಟಿನ ಗಿರಣಿಗೆ ಇಷ್ಟು. ಹೇಳುತ್ತಾ ಹೋದಂತೆ ನನ್ನ ದನಿ ತಪ್ಪು ಮಾಡಿದವಳ ದನಿಯಂತೆ ಸಣ್ಣದಾಗುತ್ತಿತ್ತು. ಅವರ ಖರ್ಚು ಅವರು ಖುಷಿಯಿಂದ ಬಂದು ಹೇಳುವ ಸುದ್ದಿ. ನನ್ನ ಖರ್ಚು ನಾನು ಒಪ್ಪಿಸಬೇಕಾದ ಲೆಕ್ಕ. ನೋವಿದ್ದದ್ದು ಅಲ್ಲಿ.

ಇಷ್ಟು ಓದಿ ನೀವು ನನ್ನ ಪಕ್ಷ ವಹಿಸಿರಬಹುದು. ಆದರೆ ಸ್ವಲ್ಪ ತಾಳಿ, ನನ್ನ ಸಾಸಿವೆ ಡಬ್ಬಿಯ ವಿಷಯ ಇನ್ನೂ ಹೇಳಿಲ್ಲ.

ಮದುವೆಯ ಹೊಸತರಲ್ಲಿ ಅಮ್ಮ ಕಿವಿಯಲ್ಲಿ ಹೇಳಿ ಕಳಿಸಿದ ಬುದ್ಧಿಮಾತು ಒಂದೇ: "ಗಂಡನಿಗೆ ತಿಳಿಯದ ಹಾಗೆ ನಾಲ್ಕು ಕಾಸು ಇಟ್ಟುಕೊಂಡಿರು." ನಾನು ನೆರೆಹೊರೆಯವರ ಸೀರೆಗೆ ಫಾಲ್ ಹಚ್ಚುತ್ತಿದ್ದೆ, ಆಮೇಲಾಮೇಲೆ ಕುಚ್ಚನ್ನೂ ಕಟ್ಟತೊಡಗಿದೆ. ಇಷ್ಟು ಬಂತೆಂದು ಮನೆಯಲ್ಲಿ ಹೇಳುವಾಗ ಯಾವಾಗಲೂ ಅರ್ಧವನ್ನೇ ಹೇಳುತ್ತಿದ್ದೆ. ಉಳಿದರ್ಧ ಅಟ್ಟದ ಹಳೆಯ ಸಾಸಿವೆ ಡಬ್ಬಿಗೆ ಹೋಗುತ್ತಿತ್ತು. ಇದನ್ನು ಸುಳ್ಳೆಂದು ನಾನು ಎಂದೂ ಎಣಿಸಿರಲಿಲ್ಲ. ಜಾಣತನವೆಂದೇ ಎಣಿಸಿದ್ದೆ.

2010ರಲ್ಲಿ ಮಗಳನ್ನು ಇಂಜಿನಿಯರಿಂಗ್‌ಗೆ ಸೇರಿಸುವಾಗ ಹದಿನೆಂಟು ಸಾವಿರ ಕಡಿಮೆ ಬಿತ್ತು. ಇವರು ನಾಲ್ಕಾರು ಕಡೆ ಅಲೆದರು. ಇವರಿಂದ ಕೈಗಡ ಪಡೆದವರು ಯಾರೂ ಆ ಹೊತ್ತಿಗೆ ಒದಗಲಿಲ್ಲ. ನಾನು ಡಬ್ಬಿಯಿಂದ ಹಣ ತೆಗೆದುಕೊಟ್ಟೆ. ಎಲ್ಲಿಂದ ಬಂತು ಎಂದಾಗ ಬಾಯಿಗೆ ಬಂದದ್ದು, "ಅಣ್ಣ ಕೊಟ್ಟ." ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಆದರೆ ಇವರು ಸಾಲ ಇಟ್ಟುಕೊಳ್ಳುವ ಜಾತಿಯಲ್ಲ. ಸಂಜೆಯ ಹೋಟೆಲ್ ಕಾಫಿ ಬಿಟ್ಟರು. ಆ ವರ್ಷ ಕೊಡೆಯೂ ಬರಲಿಲ್ಲ. ತಿಂಗಳಿಗೆ ಸಾವಿರದಂತೆ ನನ್ನ ಕೈಗೆ ಕೊಟ್ಟು "ನಿಮ್ಮಣ್ಣನಿಗೆ ತಲುಪಿಸು" ಎಂದರು. ಹದಿನೆಂಟು ತಿಂಗಳು ನಾನು ಅದನ್ನು ತಲುಪಿಸಿದ್ದು ಸಾಸಿವೆ ಡಬ್ಬಿಗೆ.

2016ರ ನವೆಂಬರ್ 8ರ ರಾತ್ರಿ, ಮಧ್ಯರಾತ್ರಿಯಿಂದ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳು ನಡೆಯುವುದಿಲ್ಲ ಎಂದು ಟಿ.ವಿ.ಯಲ್ಲಿ ಬಂತು. ನಮ್ಮ ಬೀದಿಯ ಎಷ್ಟು ಹೆಂಗಸರು ಅಂದು ನಿದ್ದೆ ಮಾಡಲಿಲ್ಲವೋ! ಅಕ್ಕಿ ಡಬ್ಬ, ಸೀರೆಯ ಮಡಿಕೆ, ದೇವರ ಪಟದ ಹಿಂದೆ ಇದ್ದದ್ದೆಲ್ಲ ಒಂದೇ ವಾರದಲ್ಲಿ ಹೊರಗೆ ಬಂತು. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದರೆ ಪ್ರಶ್ನಿಸುವುದಿಲ್ಲ ಎಂದು ಸರ್ಕಾರ ಹೇಳಿತು. ಸರ್ಕಾರ ಕೇಳಲಿಲ್ಲ, ಕೇಳಿದವರು ಇವರು. ನನ್ನ ಡಬ್ಬಿಯಲ್ಲಿ ಮೂವತ್ತೆಂಟೂವರೆ ಸಾವಿರ ಇತ್ತು. ಇಷ್ಟು ಹೇಗಾಯಿತು ಎಂದಾಗ ಅಣ್ಣನ ಕಥೆಯನ್ನೂ ಹೇಳಲೇಬೇಕಾಯಿತು.

ಇವರು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬಹಳ ಹೊತ್ತು ಸುಮ್ಮನೆ ಕುಳಿತು, "ನಾನು ಕಿತ್ತುಕೊಳ್ಳುತ್ತಿದ್ದೆನೇನೇ?" ಎಂದರು. ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಬ್ಯಾಂಕಿನ ಸಾಲಿನಲ್ಲಿ ನನ್ನ ಜೊತೆಗೆ ಬಂದು ನಿಂತರು. ಬಿಸಿಲಿಗೆಂದು ಒಂದು ಕೊಡೆಯನ್ನೂ ತಂದಿದ್ದರು. ಸಾಲು ಕದಲದೆ ನಿಂತಾಗ ಅವರಾಗಿಯೇ ಹೇಳಿದರು. ತೀರ್ಥಹಳ್ಳಿ ಕಡೆಯ ಅವರ ಊರಿನ ಮನೆಯಲ್ಲಿ ಇದ್ದದ್ದು ಒಂದೇ ಕೊಡೆಯಂತೆ, ಅದು ಅಪ್ಪನದು. ಮಕ್ಕಳು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಶಾಲೆಗೆ ನಡೆದು, ಒದ್ದೆ ಬಟ್ಟೆಯಲ್ಲೇ ಸಂಜೆಯವರೆಗೆ ಕೂರುತ್ತಿದ್ದರಂತೆ. ಅಷ್ಟು ವರ್ಷ ಜೊತೆಗೆ ಬಾಳಿದ ನನಗೆ ಇದು ಗೊತ್ತಿರಲಿಲ್ಲ. ಕೊಡೆ ಎಷ್ಟಾಯಿತು ಎಂದು ಎಣಿಸಿದ್ದೆನೇ ಹೊರತು ಏಕೆ ತಂದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕಾರಣ ತಿಳಿದರೆ ಸಿಟ್ಟು ಕರಗುತ್ತದೆ. ಆದರೆ ಹಾಲಿನವನ ಬಾಕಿ ಕರಗುವುದಿಲ್ಲವಲ್ಲ! ಬಾಲ್ಯದ ಬಡತನ ದೊಡ್ಡವರಾದ ಮೇಲಿನ ದುಂದಿಗೆ ವಿವರಣೆಯಾದೀತು, ಪರವಾನಗಿಯಾಗದು. ಹಾಗೆಯೇ ಅಮ್ಮನ ಬುದ್ಧಿಮಾತು ನನ್ನ ಸುಳ್ಳಿಗೆ ವಿವರಣೆ ಮಾತ್ರ. ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ಕಣ್ಣೆದುರೇ ದುಂದು ಮಾಡುವವರು ದೊಡ್ಡ ತಪ್ಪಿತಸ್ಥರೋ, ಕಣ್ಣು ತಪ್ಪಿಸಿ ಉಳಿಸುವವರೋ?

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ತೆಗೆದುಕೊಂಡು ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದವಳು ಅವಳು. ಮುಖದೆದುರೇ ಹೇಳಿದಳು. ಹೆಚ್ಚಾದ ಅಕ್ಕಿಯನ್ನು ಮಡಕೆಯಲ್ಲಿ ಬಚ್ಚಿಡಲಿಲ್ಲ. ನಾನೇಕೆ ಹಾಗೆ ಹೇಳಲಿಲ್ಲ ಎಂದು ಯೋಚಿಸಿದರೆ ಒಂದು ಉತ್ತರ ಹೊಳೆಯುತ್ತದೆ. ಅವರಿಬ್ಬರದೂ ಒಂದೇ ಕಾಯಕ, ಒಂದೇ ನೆಲದ ಮೇಲೆ ನಿಂತ ಮಾತು. ಕೈಯೊಡ್ಡಿ ಪಡೆಯುವವಳ ಮಾತಿಗೆ ಆ ಕಸುವು ಬರುವುದಿಲ್ಲ. ಅವಳು ಬೇಡುತ್ತಾಳೆ, ಗೊಣಗುತ್ತಾಳೆ, ಇಲ್ಲವೇ ಬಚ್ಚಿಡುತ್ತಾಳೆ. ನಾನು ಮೂರನ್ನೂ ಮಾಡಿದೆ. ಬಚ್ಚಿಟ್ಟ ತಪ್ಪು ನನ್ನದೇ. ಆದರೆ ಬಚ್ಚಿಡದೆ ಬದುಕುವ ಜಾಗ ಆ ಮನೆಯಲ್ಲಿ ಇರಲಿಲ್ಲವೆಂಬುದೂ ಸತ್ಯ.

2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿ, ಮುಸ್ಲಿಂ ಮಹಿಳೆಯ ಜೀವನಾಂಶದ ಮೊಕದ್ದಮೆಯದು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಗೃಹಿಣಿಯ ವಿಷಯ ಎತ್ತಿದ್ದರು. ಸ್ವಂತ ಆದಾಯವಿಲ್ಲದ ಹೆಂಡತಿಗೆ ಗಂಡ ಆರ್ಥಿಕ ಬಲ ಕೊಡಬೇಕು, ಜಂಟಿ ಖಾತೆ, ಎ.ಟಿ.ಎಂ. ಕಾರ್ಡು ಅವಳ ಕೈಗೂ ಸಿಗಬೇಕು ಎಂಬುದು ಅದರ ತಾತ್ಪರ್ಯ. ಪತ್ರಿಕೆಯಲ್ಲಿ ಓದಿ ಇವರ ಮುಂದೆ ಹಿಡಿದೆ. "ನಾವು ಮೊದಲೇ ಮಾಡಿದ್ದೀವಲ್ಲ" ಎಂದು ಬೀಗಿದರು.

ಬೀಗಲು ಕಾರಣವಿತ್ತು. 2017ರ ಜನವರಿಯಿಂದ ನಮ್ಮಲ್ಲಿ ಒಂದು ಕ್ರಮ ನಡೆದುಬಂದಿದೆ. ತಿಂಗಳ ಮೊದಲ ದಿನ ಮನೆಯ ಖರ್ಚಿನದು ಜಂಟಿ ಖಾತೆಯಲ್ಲಿ ನಿಲ್ಲುತ್ತದೆ, ಅದರ ಲೆಕ್ಕ ಇಬ್ಬರೂ ನೋಡುತ್ತೇವೆ. ಆಮೇಲೆ ಇಬ್ಬರಿಗೂ ಸಮನಾಗಿ ಸ್ವಲ್ಪ ಸ್ವಲ್ಪ ಕೈಖರ್ಚಿನ ಹಣ. ಅದಕ್ಕೆ ಒಬ್ಬರು ಇನ್ನೊಬ್ಬರನ್ನು ಕೇಳುವಂತಿಲ್ಲ. ಇವರ ಸಂಬಳ ಹೋಗಿ ಪೆನ್ಷನ್ ಬಂದ ಮೇಲೆ ಮೊತ್ತ ಇಳಿದಿದೆ, ಕ್ರಮ ಹಾಗೆಯೇ ಇದೆ.

ಮೊದಲ ತಿಂಗಳು ಆ ಹಣವನ್ನು ಏನು ಮಾಡಬೇಕೆಂದೇ ನನಗೆ ತೋಚಲಿಲ್ಲ. ಕೈ ಅಭ್ಯಾಸದಿಂದ ಡಬ್ಬಿಯ ಕಡೆಗೇ ಹೋಗುತ್ತಿತ್ತು. ಕೊನೆಗೊಂದು ದಿನ ಪೇಟೆಯಲ್ಲಿ ಧೈರ್ಯ ಮಾಡಿ, ಒಬ್ಬಳೇ ಹೋಟೆಲಿಗೆ ಹೋಗಿ, ಮಸಾಲೆ ದೋಸೆ ತಿಂದು ಕಾಫಿ ಕುಡಿದು ಬಂದೆ. ಆ ವಯಸ್ಸಿನವರೆಗೆ ನಾನು ಒಬ್ಬಳೇ ಹೋಟೆಲಿನಲ್ಲಿ ಕುಳಿತವಳಲ್ಲ. ಮನೆಗೆ ಬಂದಾಗ ಇವರು ಏನೂ ಕೇಳಲಿಲ್ಲ. ಕೇಳದೇ ಇದ್ದುದರಿಂದ ಹೇಳಬೇಕೆನಿಸಿತು. ಚಟ್ನಿ ಸಪ್ಪೆಯಾಗಿತ್ತು ಎನ್ನುವುದರವರೆಗೆ ಎಲ್ಲವನ್ನೂ ಹೇಳಿದೆ. ಅಂದು ನನ್ನ ಖರ್ಚೂ ಸುದ್ದಿಯಾಯಿತು.

ಈ ಜೂನ್‌ನಲ್ಲಿ ಏಳನೆಯ ಕೊಡೆ ಬಂದಿದೆ, ಅವರ ಪಾಲಿನ ಹಣದ್ದು. ನಾಲಿಗೆಯನ್ನು ಬಿಗಿಹಿಡಿಯುವುದು ಕಷ್ಟ, ಹಿಡಿದಿದ್ದೇನೆ. ಸಾಸಿವೆ ಡಬ್ಬಿಯಲ್ಲಿ ಈಗ ಸಾಸಿವೆಯೇ ಇದೆ.

ತೀರದೆ ಉಳಿದದ್ದು ಒಂದೇ. ಹಣ ತೀರಿತೆಂದುಕೊಂಡ ಮೇಲೂ ಇವರು ನನ್ನ ಅಣ್ಣನ ಎದುರು, ಕಷ್ಟಕಾಲಕ್ಕೆ ಆದವರು ಎಂಬ ಋಣದಿಂದ, ಸ್ವಲ್ಪ ಬಗ್ಗಿಯೇ ನಡೆದುಕೊಳ್ಳುತ್ತಿದ್ದರು. ನಿಜ ತಿಳಿದ ಮೇಲೂ ಅಣ್ಣ ಬಂದರೆ ಹಾಗೆಯೇ ಎದ್ದು ನಿಲ್ಲುತ್ತಾರೆ, ಕುರ್ಚಿ ಬಿಟ್ಟುಕೊಡುತ್ತಾರೆ. ಏನೂ ತಿಳಿಯದ ಅಣ್ಣ ಕುಳಿತುಕೊಳ್ಳುತ್ತಾನೆ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. "ಅಭ್ಯಾಸ ಆಗಿಹೋಗಿದೆ ಕಣೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ.