ಋತುಕಾಲವೂ ಯಂತ್ರದ ಅನುಜ್ಞೆಯೂ

ಸಂತಾನನಿಯಮನದ ವಿಷಯವನ್ನು ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಪ್ರಸ್ತಾಪಿಸುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ನಮ್ಮ ಸ್ಮೃತಿಕಾರರಿಗೆ ಈ ಸಂಕೋಚವಿರಲಿಲ್ಲ. ಸ್ತ್ರೀಯರ ಋತುಕಾಲವೆಂದರೆ ಎಷ್ಟು ರಾತ್ರಿಗಳು, ಅವುಗಳಲ್ಲಿ ವರ್ಜ್ಯವಾದುವು ಯಾವುವು, ಪತಿಯಾದವನ ಕರ್ತವ್ಯವೇನು ಎಂಬುದನ್ನು ಮನುವೂ ಯಾಜ್ಞವಲ್ಕ್ಯನೂ ಗೃಹಸ್ಥಧರ್ಮವನ್ನು ಹೇಳುವಾಗ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಆ ಭಾಗವನ್ನು ಬಿಡದೆ ಪಾಠ ಹೇಳಿದರು. ತಲೆ ತಗ್ಗಿಸಿಕೊಂಡವರು ವಿದ್ಯಾರ್ಥಿಗಳಾದ ನಾವು ಮಾತ್ರ. ಈಗ ಆ ವಿಚಾರವೇ ಮೊಬೈಲ್ ಫೋನಿನೊಳಗೆ ಬಂದು ಕುಳಿತಿರುವಾಗ ಮೌನದಲ್ಲಿ ಮರ್ಯಾದೆಯೇನೂ ಉಳಿದಿಲ್ಲ.

ಸಂಗತಿ ಇಷ್ಟು. ಸ್ತ್ರೀಯು ಬೆಳಗ್ಗೆ ಹಾಸಿಗೆಯಿಂದ ಏಳುವುದಕ್ಕೆ ಮೊದಲೇ ಸೂಕ್ಷ್ಮವಾದೊಂದು ಥರ್ಮಾಮೀಟರನ್ನು ನಾಲಗೆಯ ಕೆಳಗಿಟ್ಟು ಮೈಯ ಶಾಖವನ್ನು ಅಳೆಯುತ್ತಾಳೆ. ಇಲ್ಲವೆ ರಾತ್ರಿಯೆಲ್ಲ ಬೆರಳಿನಲ್ಲಿರುವ ಉಂಗುರವೇ ಅದನ್ನು ಅಳೆದುಕೊಳ್ಳುತ್ತದೆ. ಯಂತ್ರವು ಆ ಅಂಕಿಯನ್ನು ಹಿಂದಿನ ತಿಂಗಳುಗಳ ಅಂಕಿಗಳೊಡನೆ ತಾಳೆ ನೋಡಿ, ಗರ್ಭಧಾರಣೆಯ ಸಂಭವವುಳ್ಳ ದಿನವಾದರೆ ಕೆಂಪನ್ನೂ, ಅಲ್ಲದ ದಿನವಾದರೆ ಹಸುರನ್ನೂ ತೋರಿಸುತ್ತದೆ. 1996ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಪರ್ಸೋನಾ ಎಂಬ ಪುಟ್ಟ ಯಂತ್ರವು ಶಾಖಕ್ಕೆ ಬದಲಾಗಿ ಮೂತ್ರದಲ್ಲಿನ ಹಾರ್ಮೋನುಗಳನ್ನು ಪರೀಕ್ಷಿಸಿ ಇಂಥ ದೀಪಗಳನ್ನೇ ತೋರಿಸುತ್ತಿತ್ತು. ಸ್ವೀಡನ್ನಿನ ನ್ಯಾಚುರಲ್ ಸೈಕಲ್ಸ್ ಎಂಬ ಆಪ್ 2017ರಲ್ಲಿ ಯೂರೋಪಿನಲ್ಲಿಯೂ 2018ರಲ್ಲಿ ಅಮೆರಿಕದಲ್ಲಿಯೂ ಗರ್ಭನಿರೋಧ ಸಾಧನವೆಂದು ಮಾನ್ಯತೆ ಪಡೆಯಿತು. ಅದನ್ನು ಸ್ಥಾಪಿಸಿದ ದಂಪತಿಗಳಲ್ಲಿ ಎಲಿನಾ ಬೆರ್ಗ್‌ಲುಂಡ್ ಎಂಬಾಕೆ ಜಿನೀವಾದ ಸೆರ್ನ್ ಸಂಸ್ಥೆಯಲ್ಲಿ ಹಿಗ್ಸ್ ಕಣದ ಶೋಧನೆಯಲ್ಲಿ ಭಾಗವಹಿಸಿದ್ದ ಭೌತವಿಜ್ಞಾನಿ. ಅಣುವಿಗಿಂತ ಅಣುವಾದುದನ್ನು ಹುಡುಕಿದ ಗಣಿತವು ಗೃಹಸ್ಥರ ಶಯ್ಯಾಗೃಹಕ್ಕೆ ಬಂದ ಬಗೆ ಇದು.

ಯಂತ್ರವು ಹೊಸದಾದರೂ ಅದರ ತತ್ತ್ವವು ಹಳೆಯದು. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರಗಳ ಮೊದಲು ಅಂಡವು ಹೊರಬರುತ್ತದೆ ಎಂಬುದನ್ನು ಜಪಾನಿನ ಓಗಿನೊ ಎಂಬ ವೈದ್ಯನು 1924ರಲ್ಲಿ ಪ್ರಕಟಿಸಿದನು. ಆಸ್ಟ್ರಿಯದ ಕ್ನೌಸನು ಕೆಲವು ವರ್ಷಗಳಲ್ಲಿಯೇ ಸ್ವತಂತ್ರವಾಗಿ ಅದೇ ನಿರ್ಣಯಕ್ಕೆ ಬಂದನು. ಓಗಿನೊವಿನ ಉದ್ದೇಶವು ಮಕ್ಕಳಾಗದವರಿಗೆ ನೆರವಾಗುವುದು. ಲೋಕವು ಅದನ್ನು ತಿರುವಿಹಾಕಿ ಮಕ್ಕಳು ಬೇಡವೆನ್ನುವವರ ಉಪಾಯವನ್ನಾಗಿ ಮಾಡಿಕೊಂಡಿತು. ಅದು ಅವನಿಗೆ ಸಮ್ಮತವಾಗಿರಲಿಲ್ಲ. ನಮ್ಮ ಸ್ಮೃತಿಗಳಿಗೂ ಇದೇ ಗತಿ. ಅವು ಋತುಕಾಲವನ್ನು ಎಣಿಸಿದುದು ಸಂತಾನಕ್ಕಾಗಿ. ನಾವು ಎಣಿಸುವುದು ಅದರಿಂದ ತಪ್ಪಿಸಿಕೊಳ್ಳುವುದಕ್ಕಾಗಿ. ಎಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಇದ್ದಿತೆನ್ನುವವರ ಪಂಕ್ತಿಗೆ ನಾನು ಸೇರಿದವನಲ್ಲ. ರಜೋದರ್ಶನದಿಂದ ಹದಿನಾರು ರಾತ್ರಿಗಳೆಂಬ ಸ್ಮೃತಿಯ ಲೆಕ್ಕವು ಇಪ್ಪತ್ತೆಂಟು ದಿನಗಳ ಚಕ್ರವುಳ್ಳವಳಿಗೆ ತಕ್ಕಮಟ್ಟಿಗೆ ಹೊಂದುತ್ತದೆ, ದೀರ್ಘಚಕ್ರದವಳಿಗೆ ಹೊಂದುವುದಿಲ್ಲ. ಸಮರಾತ್ರಿಯಲ್ಲಿ ಗಂಡು, ವಿಷಮರಾತ್ರಿಯಲ್ಲಿ ಹೆಣ್ಣು ಎಂಬುದಕ್ಕಂತೂ ಆಧಾರವಿಲ್ಲ.

ಯಂತ್ರದ ಜ್ಞಾನವು ಯಾವ ಜಾತಿಯದು ಎಂಬುದನ್ನು ನೈಯಾಯಿಕರ ರೀತಿಯಲ್ಲಿ ನೋಡೋಣ. ಅಂಡವು ಹೊರಬಿದ್ದ ಮೇಲೆ ಶರೀರದಲ್ಲಿ ಪ್ರೊಜೆಸ್ಟರೋನ್ ಹೆಚ್ಚಿ ಮೈಶಾಖವು ಡಿಗ್ರಿಯ ಕೆಲವು ದಶಾಂಶಗಳಷ್ಟು ಏರುತ್ತದೆ. ಏರಿದುದನ್ನು ಕಂಡು ಅಂಡವು ಹೊರಬಿದ್ದಿದೆ ಎಂದು ತಿಳಿಯುವುದು ಕಾರ್ಯದಿಂದ ಕಾರಣವನ್ನು ಊಹಿಸುವ ಶೇಷವತ್ ಅನುಮಾನ. ಹೊಳೆಯಲ್ಲಿ ಕೆಂಪು ನೀರನ್ನು ಕಂಡು ಮೇಲೆ ಮಳೆಯಾಗಿದೆ ಎನ್ನುವಂತೆ. ಆದರೆ ದಂಪತಿಗಳಿಗೆ ಬೇಕಾದುದು ಆದ ಮಳೆಯ ಸುದ್ದಿಯಲ್ಲ, ಬರುವ ಮಳೆಯ ಸುದ್ದಿ. ಅಂಡವು ಒಂದು ದಿನಕ್ಕಿಂತ ಹೆಚ್ಚು ಬದುಕದು. ಪುರುಷಬೀಜವು ಐದು ದಿನಗಳವರೆಗೂ ಕಾದಿರಬಲ್ಲುದು. ಆದುದರಿಂದ ಅಪಾಯದ ದಿನಗಳಲ್ಲಿ ಬಹುಪಾಲು ಶಾಖವೇರುವುದಕ್ಕೆ ಮುಂಚಿನವು. ಅವನ್ನು ಯಂತ್ರವು ಹಿಂದಿನ ತಿಂಗಳುಗಳ ಅಭ್ಯಾಸದಿಂದ ಊಹಿಸಬೇಕೇ ಹೊರತು ಕಾಣಲಾರದು. ಜ್ವರ, ನಿದ್ದೆಗೇಡು, ಬಾಣಂತನದ ನಂತರದ ಅನಿಯಮ, ಇವು ಬಂದರೆ ಹೇತುವೇ ಕೆಡುತ್ತದೆ. ಇದನ್ನು ತಿಳಿದವರು ಹಸುರು ದೀಪವನ್ನು ಆಪ್ತವಾಕ್ಯವೆಂದು ಭಾವಿಸುವುದಿಲ್ಲ.

ಎಣಿಕೆಯ ಉಪಾಯಕ್ಕೂ ನಮ್ಮ ನಾಡಿಗೂ ಸಂಬಂಧವುಂಟು. 1930ರಲ್ಲಿಯೇ ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನನಿಯಮನದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಮಾಡಿದ್ದಿತು. ಸ್ವಾತಂತ್ರ್ಯಾನಂತರ, 1952ರಿಂದ ಮುಂದೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದಿಲ್ಲಿಯ ಲೋದಿ ಕಾಲೊನಿಯಲ್ಲಿಯೂ ಬೆಂಗಳೂರಿಗೆ ಸಮೀಪದ ರಾಮನಗರದಲ್ಲಿಯೂ ಈ ದಿನಗಣನೆಯ ಪ್ರಯೋಗ ನಡೆಯಿತು. ಅಕ್ಷರ ಬಾರದ ಹೆಂಗಸರಿಗಾಗಿ ಬಣ್ಣಬಣ್ಣದ ಮಣಿಗಳ ಸರವನ್ನು ಮಾಡಿಸಿದರು: ದಿನಕ್ಕೊಂದು ಮಣಿಯನ್ನು ಸರಿಸುವುದು, ಹಸುರು ಬಂದರೆ ನಿರ್ಭಯ, ಕೆಂಪು ಬಂದರೆ ನಿಷೇಧ. ಕೆಲವರು ಮಣಿಯನ್ನು ಹಿಂದುಮುಂದಾಗಿ ಸರಿಸಿದರು. ಕೆಲವರು ಸರವು ಕೊರಳಲ್ಲಿದ್ದರೆ ಸಾಕೆಂದು ತಾಯಿತದಂತೆ ನಂಬಿದರು. ಫಲಿತಾಂಶವು ನಿರಾಶೆಯದಾಯಿತು. ಆ ತಾಯಂದಿರನ್ನು ಕುರಿತು ನಗುವವರು ತಮ್ಮ ಕೈಯ ಫೋನನ್ನು ಒಮ್ಮೆ ನೋಡಿಕೊಳ್ಳಲಿ. ಬಣ್ಣಗಳು ಅವೇ, ತಾಯಿತವೆಂಬ ನಂಬಿಕೆಯೂ ಕೆಲವರಲ್ಲಿ ಅದೇ.

ಸಾಧಾರಣ ಬಳಕೆಯಲ್ಲಿ ಆ ಸ್ವೀಡಿಷ್ ಆಪ್ ನೂರಕ್ಕೆ ತೊಂಬತ್ತಮೂರು ಪಾಲು ಫಲಕಾರಿ ಎನ್ನುತ್ತಾರೆ. ಅಂದರೆ ಒಂದು ವರ್ಷದಲ್ಲಿ ನೂರು ಮಂದಿಯಲ್ಲಿ ಏಳು ಮಂದಿ ಬೇಡದ ಬಸಿರನ್ನು ಹೊರುತ್ತಾರೆ. 2017ರ ಕೊನೆಯ ನಾಲ್ಕು ತಿಂಗಳುಗಳಲ್ಲಿ ಸ್ಟಾಕ್‌ಹೋಮಿನ ಒಂದು ಆಸ್ಪತ್ರೆಗೆ ಗರ್ಭಪಾತಕ್ಕಾಗಿ ಬಂದ 668 ಸ್ತ್ರೀಯರಲ್ಲಿ 37 ಮಂದಿ ಇದನ್ನೇ ನಂಬಿದ್ದವರು. ಕೋಲಾಹಲವಾಯಿತು, ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆಯು ವಿಚಾರಿಸಿ, ಸೋಲಿನ ಪ್ರಮಾಣವು ಮೊದಲೇ ಹೇಳಿದ್ದುದನ್ನು ಮೀರಿಲ್ಲವೆಂದೂ, ಅಪಾಯವನ್ನು ಇನ್ನಷ್ಟು ಸ್ಪಷ್ಟವಾಗಿ ತಿಳಿಸಬೇಕೆಂದೂ ಹೇಳಿತು. ಈ ತೀರ್ಪು ನ್ಯಾಯವಾದುದೇ. ಆದರೂ ತೊಂಬತ್ತಮೂರನ್ನು ದಪ್ಪಕ್ಷರದಲ್ಲಿ ಬರೆದು ಏಳನ್ನು ಓದುವವಳ ವ್ಯವಕಲನಕ್ಕೆ ಬಿಡುವುದು ಸತ್ಯದೊಳಗಿನ ಅಸತ್ಯವೆಂದೇ ನನ್ನ ಅಭಿಪ್ರಾಯ. ಮತ್ತೊಂದು ಬಸಿರು ಪ್ರಾಣಕ್ಕೆ ಅಪಾಯವೆಂದು ವೈದ್ಯರಿಂದ ಹೇಳಿಸಿಕೊಂಡವಳು ಇದನ್ನು ನಚ್ಚಬಾರದು. ವರ್ಷಕ್ಕೆ ನೂರರಲ್ಲಿ ಒಬ್ಬಳಿಗೂ ತಪ್ಪದ ತಾಮ್ರದ ಸಾಧನವು ಸರ್ಕಾರಿ ಆಸ್ಪತ್ರೆಯಲ್ಲಿಯೇ ದೊರೆಯುತ್ತದೆ.

ಇಷ್ಟೂ ಉಪಯುಕ್ತತೆಯ ಮಾತು. ಧರ್ಮದ ಪ್ರಶ್ನೆ ಇನ್ನೂ ಮುಂದಿದೆ. ನನ್ನ ಹಳೆಯ ಶಿಷ್ಯನೊಬ್ಬನ ಪತ್ನಿಯು ಇಂಥ ಯಂತ್ರವನ್ನು ಇಟ್ಟುಕೊಂಡವಳು. ಮನೆಗೆ ಬಂದಿದ್ದಾಗ ನನ್ನ ಗೃಹಿಣಿಯೊಡನೆ ಹೇಳಿದಳಂತೆ: “ಅಮ್ಮಾ, ನಾನು ಬೇಡವೆಂದರೆ ಅದು ಮುನಿಸು, ಅದು ಕೆಂಪಾದರೆ ವಿಜ್ಞಾನ. ಕೆಂಪಿರುವ ದಿನಗಳಲ್ಲಿ ನನಗೆ ನೆಮ್ಮದಿ.” “ಹಸುರಿನ ದಿನಗಳಲ್ಲಿಯೋ ತಾಯಿ?” ಎಂದು ಇವಳು ಕೇಳಿದುದಕ್ಕೆ ಆಕೆ ಉತ್ತರ ಹೇಳದೆ ಕಾಫಿಯ ಲೋಟಗಳನ್ನು ಎತ್ತಿಕೊಂಡು ಒಳಕ್ಕೆ ಹೋದಳಂತೆ. ಗಂಡನು ದುಷ್ಟನಲ್ಲ, ಸಂಭಾವಿತ. ಹಾಗಿದ್ದೂ ಹೆಂಡತಿಯ ಬಾಯಿಂದ ಬಂದರೆ ಸಲ್ಲದ ಮಾತು ಯಂತ್ರದ ಬಾಯಿಂದ ಬಂದರೆ ಸಲ್ಲುವುದಾದರೆ, ಮನೆಯಲ್ಲಿ ಯಾವುದೋ ಒಂದು ಪ್ರಮಾಣವು ತಲೆಕೆಳಗಾಗಿದೆ.

ದೀಪವು ಘಟವನ್ನು ತೋರಿಸುತ್ತದೆ, ಮಾಡುವುದಿಲ್ಲ. ಅದು ಜ್ಞಾಪಕ, ಕಾರಕವಲ್ಲ. ಹಸುರು ದೀಪವು ಇಂದು ಬಸಿರಾಗುವ ಸಂಭವ ಕಡಿಮೆ ಎಂಬ ಒಂದೇ ಸಂಗತಿಯನ್ನು ತೋರಿಸುತ್ತದೆ. ಅದನ್ನು ಅನುಜ್ಞೆಯೆಂದು ಓದುವವನು ದೀಪಕ್ಕಿಲ್ಲದ ಅಧಿಕಾರವನ್ನು ಅದಕ್ಕೆ ಆರೋಪಿಸುತ್ತಾನೆ. ಇಲ್ಲಿ ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ನೆನಪಾಗುತ್ತದೆ. ಋತುಕಾಲದಲ್ಲಿ ಪತ್ನಿಯನ್ನು ಸೇರಬೇಕೆಂಬ ವಚನವು ವಿಧಿಯೋ, ನಿಯಮವೋ, ಪರಿಸಂಖ್ಯೆಯೋ ಎಂದು ಆತನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಆ ಚರ್ಚೆಯ ಸೂಕ್ಷ್ಮಗಳು ಇಲ್ಲಿ ಬೇಡ. ಋತುಕಾಲದ ನಿರ್ಬಂಧವಿಲ್ಲದೆಡೆ ಪತಿಗೆ ಯಾಜ್ಞವಲ್ಕ್ಯನು ತೋರಿಸಿದ ದಾರಿ ಯಾವುದೆಂಬುದು ಮಾತ್ರ ಬೇಕು. ಸ್ತ್ರೀಯರಿಗೆ ದೊರೆತ ವರವನ್ನು ಸ್ಮರಿಸಿಕೊಂಡು ನಡೆಯಬೇಕೆನ್ನುತ್ತಾನೆ. ಅಲ್ಲಿನ ‘ಯಥಾಕಾಮೀ’ ಎಂಬ ಪದಕ್ಕೆ ವ್ಯಾಖ್ಯಾನಕಾರನು ಭಾರ್ಯೆಯ ಇಚ್ಛೆಯನ್ನು ಮೀರದೆ ನಡೆಯುವವನು ಎಂದೇ ಅರ್ಥ ಮಾಡುತ್ತಾನೆ. ಸಂತಾನದ ಉದ್ದೇಶವಿಲ್ಲದ ದಿನವೆಂದರೆ ಇಂದಿನ ಹಸುರಿನ ದಿನವೇ ಅಲ್ಲವೆ? ಪುರುಷಪಕ್ಷಪಾತಕ್ಕೆ ಹೆಸರಾದ ಶಾಸ್ತ್ರವೂ ಆ ದಿನದ ಪ್ರಮಾಣವನ್ನು ಅವಳ ಇಚ್ಛೆಯಲ್ಲಿ ಇಟ್ಟಿದೆ.

ಗೋಪ್ಯದ ವಿಷಯವೊಂದುಂಟು. ಮುಟ್ಟಾದವಳನ್ನು ಹೊರಗೆ ಕೂರಿಸಿ ಬೀದಿಗೆಲ್ಲ ಸುದ್ದಿ ತಿಳಿಸುತ್ತಿದ್ದ ಕಾಲವನ್ನು ನಾನು ಕಂಡವನು. ಈಗ ಬೀದಿಗೆ ತಿಳಿಯದು, ವರ್ತಕರಿಗೆ ತಿಳಿಯುತ್ತದೆ. ಲಕ್ಷಾಂತರ ಸ್ತ್ರೀಯರು ಬಳಸುತ್ತಿದ್ದ ಇಂಥದೊಂದು ಆಪ್, ಕೊಟ್ಟ ಮಾತಿಗೆ ವಿರುದ್ಧವಾಗಿ ಅವರ ವಿವರಗಳನ್ನು ಜಾಹೀರಾತಿನ ಕಂಪನಿಗಳೊಡನೆ ಹಂಚಿಕೊಂಡಿತೆಂದು ಅಮೆರಿಕದ ಸರ್ಕಾರಿ ಆಯೋಗವು ದೂರು ಹೊರಿಸಿ 2021ರಲ್ಲಿ ಅದನ್ನು ಕಟ್ಟುಪಾಡಿಗೆ ಒಳಪಡಿಸಿತು.

ಯಂತ್ರವು ಬೇಡವೆಂದು ನಾನು ಹೇಳುತ್ತಿಲ್ಲ. ತನ್ನ ಶರೀರದ ಗತಿಯನ್ನು ತಾನೇ ಅರಿಯುವುದು ಯಾವ ಸ್ತ್ರೀಗೂ ಲಾಭವೇ. ಮಾತ್ರೆಯು ಒಗ್ಗದವರಿಗೆ ಇದೊಂದು ದಾರಿ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಮೂವತ್ತೆಂಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು. ಗಂಡಂದಿರ ಪಾಲು ನೂರಕ್ಕೆ ಅರ್ಧವೂ ಇಲ್ಲ. ಹೊಸ ಯಂತ್ರದಲ್ಲಿಯೂ ಮುಂಜಾನೆ ಎದ್ದು ಅಳೆಯತಕ್ಕವಳು, ಬರೆದಿಡತಕ್ಕವಳು, ಅಂಕಿ ತಪ್ಪಿದರೆ ಹೊರತಕ್ಕವಳು ಅವಳೇ. ಕೆಂಪು ಕಂಡ ದಿನ ಸಂಯಮವೋ ನಿರೋಧ್ ಬಳಕೆಯೋ ಎಂಬುದನ್ನು ಮಾತ್ರ ಯಂತ್ರವು ಹೇಳುವುದಿಲ್ಲ. ಅವೆರಡೂ ಗಂಡನ ಪಾಲಿನ ಕೆಲಸಗಳು.